ಬರೀ ಹದಿನೈದು ಕಿಲೋಮೀಟರ್

“ಬರೀ ಹದಿನೈದು ಕಿಲೋಮೀಟರ್ ಅಂಕಲ್” ಎಂದ ಪಕ್ಕದ ಮನೆಯ ಹುಡುಗ. ಬೆಂಗಳೂರಲ್ಲೇ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಸ್ಕೂಟರ್ ಕೊಡಿಸಲು ಅಪ್ಪನಿಗೆ ಒಂದು ಮಾತು ಹೇಳಿ ಎಂದು ಶಿಫಾರಸಿಗೆ ಬಂದಿದ್ದ. ನನಗೊಂದು ಕೆಟ್ಟ ಚಟವಿದೆ: ಯಾರಾದರೂ ‘ಬರೀ’ ಅಂದರೆ ಸಾಕು, ಹಾಳೆ, ಪೆನ್ನು ಹುಡುಕುತ್ತೇನೆ.

ವರ್ಷಕ್ಕೆ 220 ದಿನ ಕಾಲೇಜು ಅನ್ನಿ. ಹೋಗುವುದೊಂದು, ಬರುವುದೊಂದು, ಹೀಗೆ ನಾಲ್ಕು ವರ್ಷ. ಒಟ್ಟು 1,760 ಪ್ರಯಾಣ. ಹದಿನೈದರಿಂದ ಗುಣಿಸಿದರೆ 26,400 ಕಿ.ಮೀ. ಭೂಮಧ್ಯರೇಖೆಯ ಉದ್ದ 40,075 ಕಿ.ಮೀ. ಷಣ್ಮುಖ ನವಿಲೇರಿ ಲೋಕ ಸುತ್ತಲು ಹೊರಟನಂತೆ. ನಮ್ಮ ಹುಡುಗ ಸ್ಕೂಟರೇರಿ ಮೂರರಲ್ಲಿ ಎರಡು ಪಾಲು ಭೂಮಿ ಸುತ್ತುತ್ತಾನೆ, ಅದೂ ಒಂದೇ ರಸ್ತೆಯಲ್ಲಿ. ನಮ್ಮೂರಿನ ದಟ್ಟಣೆಯಲ್ಲಿ ಒಂದು ಸಲಕ್ಕೆ ಒಂದು ಗಂಟೆ ಹಿಡಿದರೆ 1,760 ಗಂಟೆ. ಊಟ, ನಿದ್ದೆ ಬಿಟ್ಟು ಕೂತರೂ 73 ದಿನ. ನಲವತ್ತು ಗಂಟೆಯ ಪಾಠಕ್ಕೆ ಒಂದು ವಿಷಯ ಮುಗಿಯುವುದಾದರೆ, ರಸ್ತೆಯ ಮೇಲೆ 44 ವಿಷಯ ಓದಿ ಮುಗಿಸಬಹುದಿತ್ತು.

ಇದು ಒಬ್ಬನ ಕಥೆ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ 2021-22ರ ವರದಿಯಂತೆ ದೇಶದ ಉನ್ನತ ಶಿಕ್ಷಣದಲ್ಲಿದ್ದವರು 4.33 ಕೋಟಿ. ಹಾಸ್ಟೆಲಿನವರು, ದೂರಶಿಕ್ಷಣದವರು ಎಂದು ಅರ್ಧದಷ್ಟು ಜನರನ್ನು ಬಿಟ್ಟುಬಿಡೋಣ. ಉಳಿದವರು ಹೋಗಿ ಬರುವುದು ಸೇರಿ ದಿನಕ್ಕೆ 15 ಕಿ.ಮೀ. ಓಡಾಡಿದರೂ ಮೊತ್ತ 32 ಕೋಟಿ ಕಿ.ಮೀ. ದಾಟುತ್ತದೆ. ಸೂರ್ಯ ನಮ್ಮಿಂದ 15 ಕೋಟಿ ಕಿ.ಮೀ. ದೂರ. ಅಲ್ಲಿಗೆ ಹೋಗಿ ವಾಪಸು ಬಂದ ಮೇಲೂ ಎರಡು ಕೋಟಿ ಮಿಗುತ್ತದೆ. ಪ್ರತಿದಿನ!

ಅದೇ ವರದಿಯಲ್ಲಿ ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ 1,106 ಕಾಲೇಜುಗಳಿದ್ದವು, ದೇಶದ ಬೇರಾವ ಜಿಲ್ಲೆಯಲ್ಲೂ ಅಷ್ಟಿರಲಿಲ್ಲ. ಕಾಲೇಜಿಗೆ 200 ದ್ವಿಚಕ್ರ ವಾಹನ, ಒಂದಕ್ಕೆ ಎರಡು ಚದರ ಮೀಟರ್ ಜಾಗ ಎಂದುಕೊಳ್ಳಿ. ನಿಲ್ಲಿಸಲಿಕ್ಕೇ 109 ಎಕರೆ ಬೇಕು. ಲಾಲ್‌ಬಾಗ್ ಇರುವುದೇ 240 ಎಕರೆ.

ಇನ್ನು ಪೆಟ್ರೋಲ್. ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕೆ.ಜಿ. ಅದು ಉರಿದಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಮಾತ್ರ 2.3 ಕೆ.ಜಿ. ಟ್ಯಾಂಕಿಗೆ ಸುರಿದದ್ದಕ್ಕಿಂತ ಕೊಳವೆಯಿಂದ ಬಂದದ್ದು ಮೂರು ಪಟ್ಟು ಭಾರ! ಮಾಯವಲ್ಲ, ಇಂಗಾಲದ ಪ್ರತಿ ಪರಮಾಣುವೂ ಗಾಳಿಯಿಂದ ಎರಡು ಆಮ್ಲಜನಕವನ್ನು ಹಿಡಿದುಕೊಂಡು ಹೋಗುತ್ತದೆ. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರ್ ನಾಲ್ಕು ವರ್ಷದಲ್ಲಿ 587 ಲೀಟರ್ ಕುಡಿದು 1,350 ಕೆ.ಜಿ. ಅನಿಲ ಬಿಡುತ್ತದೆ. ಎರಡೂವರೆ ಎಮ್ಮೆಗಳಷ್ಟು ತೂಕ, ಕಣ್ಣಿಗೆ ಕಾಣದ ಎಮ್ಮೆಗಳು.

ನನ್ನನ್ನು ಬೆಚ್ಚಿಬೀಳಿಸಿದ್ದು ಮಾತ್ರ ಇನ್ನೊಂದು ಲೆಕ್ಕ. ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗ ಚಕ್ರಕ್ಕೆ ತಲುಪುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಆ ಕಾಲು ಭಾಗದಲ್ಲೂ ಎರಡು ಪಾಲು 110 ಕೆ.ಜಿ.ಯ ಸ್ಕೂಟರನ್ನು ಎಳೆಯಲಿಕ್ಕೆ, ಒಂದು ಪಾಲು 55 ಕೆ.ಜಿ.ಯ ಹುಡುಗನನ್ನು ಎಳೆಯಲಿಕ್ಕೆ. ಒಂದು ಲೀಟರಿನಲ್ಲಿ ಅವನ ಪಾಲಿಗೆ ಬಂದದ್ದು ಎಂಬತ್ತು ಮಿಲಿಲೀಟರ್ ಚಿಲ್ಲರೆ. ಒಂದು ಬೈಟು ಕಾಫಿ!

ಸೈಕಲ್ಲಿಗೆ ಬನ್ನಿ. ಸಮತಟ್ಟಾದ ರಸ್ತೆಯಲ್ಲಿ ತುಳಿಯಲು ಕಿಲೋಮೀಟರಿಗೆ ಸುಮಾರು 25 ಕಿಲೋಕ್ಯಾಲರಿ ಸಾಕು. ನೂರು ಗ್ರಾಂ ಹಿಟ್ಟಿನ ಒಂದು ರಾಗಿ ಮುದ್ದೆಗೆ ಹನ್ನೆರಡು, ಹದಿಮೂರು ಕಿ.ಮೀ. ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿ ಸುಮಾರು 8,000 ಕಿಲೋಕ್ಯಾಲರಿ. ಅಷ್ಟರಲ್ಲಿ ಬೆಂಗಳೂರು ಬಿಟ್ಟ ಸ್ಕೂಟರ್ ರಾಮನಗರವನ್ನೂ ಮುಟ್ಟದೆ ನಿಲ್ಲುತ್ತದೆ, ಸೈಕಲ್ ಶಿವಮೊಗ್ಗ ತಲುಪುತ್ತದೆ. ಆದರೆ ಬೆಳಿಗ್ಗೆ ಒಂಬತ್ತಕ್ಕೆ ಮೈಸೂರು ರಸ್ತೆಯಲ್ಲಿ ಸೈಕಲ್ ತುಳಿ ಎಂದು ಯಾರ ಮಗನಿಗೂ ಹೇಳುವ ಧೈರ್ಯ ನನಗಿಲ್ಲ.

ಉಳಿದದ್ದು ಬಸ್ಸು. ಡೀಸೆಲ್ ಲೀಟರಿಗೆ ನಾಲ್ಕೇ ಕಿ.ಮೀ. ಹೋದರೂ ಒಳಗೆ ಐವತ್ತು ಜನ ಇದ್ದರೆ ತಲೆಗೆ ಬೀಳುವ ಲೆಕ್ಕ ಲೀಟರಿಗೆ 200 ಕಿ.ಮೀ. ಹುಡುಗನ 1,350 ಕೆ.ಜಿ. ಅನಿಲ 350ಕ್ಕೆ ಇಳಿಯುತ್ತದೆ. ಬೆಂಗಳೂರಿನ ನಗರ ಸಾರಿಗೆಯಾದ ಬಿಎಂಟಿಸಿಯ ಬಸ್ಸುಗಳೆಲ್ಲ ಸೇರಿ ದಿನಕ್ಕೆ ಓಡುವುದು ಹನ್ನೊಂದು ಲಕ್ಷಕ್ಕೂ ಹೆಚ್ಚು ಕಿ.ಮೀ. ಅಂದರೆ ಚಂದ್ರನಲ್ಲಿಗೆ ಹೋಗಿ, ಬಂದು, ಮತ್ತೊಮ್ಮೆ ಹೊರಡುವಷ್ಟು. “ಒಳಗ್ ಹೋಗ್ರೀ, ಒಳಗ್ ಹೋಗ್ರೀ” ಎಂದು ಕಂಡಕ್ಟರ್ ಕೂಗುವುದು ಈ ಚಂದ್ರಯಾನದ ಒಳಗಿನಿಂದ.

ಮೆಟ್ರೋ? ಅಲ್ಲಿ ನನ್ನ ಉಪದೇಶ ಮುಗ್ಗರಿಸಿತು. 2025ರ ಫೆಬ್ರುವರಿಯಲ್ಲಿ ಏರಿದ ದರದಂತೆ ಹತ್ತರಿಂದ ಹದಿನೈದು ಕಿ.ಮೀ.ಗೆ 60 ರೂಪಾಯಿ. 1,760 ಸಲಕ್ಕೆ 1,05,600. ಸ್ಕೂಟರಿಗೆ ಪೆಟ್ರೋಲ್, ಲೀಟರಿಗೆ ನೂರು ಎಂದರೆ 58,700. ಸ್ಮಾರ್ಟ್ ಕಾರ್ಡಿನ ರಿಯಾಯಿತಿ ಕಳೆದರೂ ಅಂತರ ಮುಚ್ಚುವುದಿಲ್ಲ. ಪರಿಸರದ ಪಾಠವನ್ನು ಎಷ್ಟು ಬೇಕಾದರೂ ಮಾಡಬಹುದು, ಹುಡುಗರಿಗೆ ಲೆಕ್ಕ ಬರುತ್ತದೆ. ಸ್ಕೂಟರನ್ನು ಅವರು ಆರಿಸಿಕೊಳ್ಳುವುದಲ್ಲ, ದರಪಟ್ಟಿ ಅವರನ್ನು ಅತ್ತ ದೂಡುತ್ತದೆ.

ದರ ಇನ್ನೊಂದು ಕಡೆಗೂ ದೂಡಬಲ್ಲದು. 2023ರ ಜೂನ್ 11ರಂದು ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಉಚಿತವಾಗಿಸಿದ ಶಕ್ತಿ ಯೋಜನೆ ಶುರುವಾಯಿತು. 2025ರ ಜುಲೈ 14ರಂದು ಮಹಿಳೆಯರ ಉಚಿತ ಪ್ರಯಾಣ 500 ಕೋಟಿ ಮುಟ್ಟಿತು. ಹಗಲು ರಾತ್ರಿ ಎನ್ನದೆ ಸೆಕೆಂಡಿಗೆ 75 ಟಿಕೆಟ್! ಅದರಲ್ಲಿ ವಿದ್ಯಾರ್ಥಿನಿಯರ ಪಾಲು ಎಷ್ಟೆಂದು ಬೆಳಗಿನ ಎಂಟು ಗಂಟೆಯ ಯಾವುದೇ ಬಸ್ಸು ಹತ್ತಿ ಕಣ್ಣಳತೆಯಲ್ಲಿ ನೋಡಬಹುದು. ಆ ಹುಡುಗನ ಅಕ್ಕ ಬಿ.ಕಾಂ. ಓದುತ್ತಾಳೆ, ದಿನವೂ ಬಸ್ಸಿನಲ್ಲೇ ಹೋಗುತ್ತಾಳೆ. ಅವಳಿಗೂ ದೂರ ಹದಿನೈದರ ಆಸುಪಾಸು. ಅವಳ ಖರ್ಚಿನ ಕಾಲಮಿನಲ್ಲಿ ಸೊನ್ನೆ ಬರೆದೆ. ತಮ್ಮನಿಗೆ ಸದ್ಯ ವಿದ್ಯಾರ್ಥಿ ಪಾಸ್ ಮಾಡಿಸಿ ಎಂದು ಅವರಪ್ಪನಿಗೆ ಹೇಳಿದ್ದೇನೆ. ಹುಡುಗ ನನ್ನೊಡನೆ ಮಾತು ಬಿಟ್ಟಿದ್ದಾನೆ.

ನಿಮ್ಮ ಮನೆಯಿಂದಲೂ ಯಾರಾದರೂ ಕಾಲೇಜಿಗೆ ಹೋಗುತ್ತಿದ್ದರೆ, ಸ್ಕೂಟರಿಗೆ ಮುಂಗಡ ಕಟ್ಟುವ ಮೊದಲು ಆ ದೂರವನ್ನು 1,760ರಿಂದ ಗುಣಿಸಿ ನೋಡಿ. ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಎಪ್ಪತ್ತು ಕಿ.ಮೀ. ಬರುವವರಿಗೆ ಉತ್ತರ 1,23,200. ಭೂಮಿಗೆ ಮೂರು ಸುತ್ತು.