ಫಸಲಿನ ಅಂದಾಜಿಗೆ ಒಂದು ಪೆಟ್ಟಿಗೆ, ಎರಡು ಮೀಸೆ

ಫಸಲಿನ ಅಂದಾಜು ಮಾಡುವ ಕಾಲ ಬಂದಿದೆ. ಖರೀದಿದಾರರಿಗೆ ಇಷ್ಟು ಚೀಲವೆಂದು ಮಾತು ಕೊಡುವುದು, ಲಾರಿ, ಗೋದಾಮುಗಳ ಏರ್ಪಾಡು, ಸದಸ್ಯರಿಗೆ ಮುಂಗಡ ಎಲ್ಲವೂ ಈ ಅಂದಾಜನ್ನೇ ನೆಚ್ಚಿವೆ. ಕೆಲವು ತೋಟಗಳ ಅಂಕಿಗಳನ್ನು ಕೂಡಿ, ಭಾಗಿಸಿ, ಬಂದ ಸರಾಸರಿಯನ್ನು ಒಟ್ಟು ಎಕರೆಗೆ ಗುಣಿಸುವುದು ರೂಢಿ. ಆದರೆ ಒಂದೇ ಒಂದು ವಿಪರೀತ ಅಂಕಿ ಸರಾಸರಿಯನ್ನು ತನ್ನ ಕಡೆಗೆ ಎಳೆದುಬಿಡುತ್ತದೆ. ಅಂಥ ಅಂಕಿಯನ್ನು ಹಿಡಿಯುವ ಸುಲಭ ವಿಧಾನವೊಂದನ್ನು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ 1977ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಕಾಗದ, ಪೆನ್ಸಿಲು ಸಾಕು.

ಉದಾಹರಣೆಗೆ, 11 ರೊಬಸ್ಟಾ ತೋಟಗಳಿಂದ ಎಕರೆಗೆ ಇಷ್ಟು ಚೀಲ ಒಣ ಚೆರ್ರಿ ಎಂಬ ಲೆಕ್ಕ ಬಂದಿತೆಂದು ಭಾವಿಸೋಣ. ಮೊದಲು ಅಂಕಿಗಳನ್ನು ಕಿರಿದರಿಂದ ಹಿರಿದಕ್ಕೆ ಜೋಡಿಸಬೇಕು: 9, 11, 12, 13, 14, 15, 16, 17, 18, 20, 41. ಸರಿಯಾಗಿ ನಡುವೆ ನಿಂತಿರುವ ಆರನೆಯ ಅಂಕಿ 15, ಇದೇ ಮಧ್ಯಾಂಕ. ಅದರ ಕೆಳಗಿನ ಐದು ಅಂಕಿಗಳ ನಡುವಿನದು 12, ಮೇಲಿನ ಐದರ ನಡುವಿನದು 18. ಇವು ಚತುರ್ಥಕಗಳು. ಅಳತೆಗೆರೆಯ ಮೇಲೆ 12ರಿಂದ 18ರವರೆಗೆ ಪೆಟ್ಟಿಗೆ ಬರೆದು, 15ರಲ್ಲಿ ಅಡ್ಡಗೆರೆ ಹಾಕಿರಿ. ಅರ್ಧದಷ್ಟು ತೋಟಗಳು ಈ ಪೆಟ್ಟಿಗೆಯೊಳಗೇ ಇವೆ.

ಇನ್ನು ಬೇಲಿ. (ಬೇಲಿ ಎಂಬುದು ಟ್ಯೂಕಿಯವರದೇ ಮಾತು, ನಮಗೆ ಹೇಳಿ ಮಾಡಿಸಿದಂತಿದೆ.) ಪೆಟ್ಟಿಗೆಯ ಉದ್ದ 6. ಅದರ ಒಂದೂವರೆ ಪಟ್ಟು 9. 12ರಿಂದ 9 ಕಳೆದರೆ 3, 18ಕ್ಕೆ 9 ಕೂಡಿದರೆ 27. ಈ ಎರಡು ಬೇಲಿಗಳ ಒಳಗಿರುವ ಕೊನೆಯ ಅಂಕಿಗಳವರೆಗೆ, ಅಂದರೆ ಎಡಕ್ಕೆ 9, ಬಲಕ್ಕೆ 20ರವರೆಗೆ, ಮೀಸೆಯಂತೆ ಗೆರೆ ಎಳೆಯಬೇಕು. ಮೀಸೆ ಬೇಲಿಯವರೆಗೂ ಹೋಗುವುದೆಂದು ಹಲವರು ತಿಳಿಯುತ್ತಾರೆ, ಅದು ಸರಿಯಲ್ಲ. ಬೇಲಿಯ ಆಚೆ ಉಳಿದ 41ನ್ನು ಒಂಟಿ ಚುಕ್ಕೆಯಾಗಿ ಗುರುತಿಸಬೇಕು.

ಈ ಚುಕ್ಕೆಯನ್ನು ಏನು ಮಾಡುವುದು? ಅಳಿಸುವುದಲ್ಲ, ಆ ತೋಟದವರನ್ನು ವಿಚಾರಿಸುವುದು. ಬರೆಯುವಾಗ 14 ಎಂಬುದು 41 ಆಗಿರಬಹುದು. ಒಣ ಚೆರ್ರಿಯ ಬದಲು ಹಸಿ ಹಣ್ಣಿನ ಲೆಕ್ಕ ಕೊಟ್ಟಿರಬಹುದು. ಹಣ್ಣು ಒಣಗಿದರೆ ತೂಕ ಅರ್ಧಕ್ಕೂ ಕೆಳಗಿಳಿಯುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅಥವಾ ಅಂಕಿ ನಿಜವೇ ಆಗಿದ್ದು, ಹೂಮಳೆ ಕೈಕೊಟ್ಟಾಗ ಅವರು ಸ್ಪ್ರಿಂಕ್ಲರ್ ಓಡಿಸಿರಬಹುದು. ಹಾಗಿದ್ದರೆ ಆ ತೋಟದ ಫಸಲನ್ನು ಅದರ ಲೆಕ್ಕಕ್ಕೇ ಬಿಡಬೇಕು, ನೀರಿಲ್ಲದ ನೆರೆಯವರ ತಲೆಗೆ ಹಂಚಬಾರದು.

ವಿಚಾರಿಸದೆ ಬಿಟ್ಟರೆ ನಷ್ಟವೆಷ್ಟು ನೋಡಿರಿ. 41 ಸೇರಿದಾಗ ಸರಾಸರಿ ಸುಮಾರು 17. ಅದು ನಿಜವಾಗಿ 14 ಆಗಿದ್ದರೆ ಸರಾಸರಿ ಹದಿನಾಲ್ಕೂವರೆ. 200 ಎಕರೆಗೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 500 ಚೀಲ ಇಲ್ಲದ ಕಾಫಿಗೆ ಮಾತು ಕೊಟ್ಟಂತಾಯಿತು! ಮಧ್ಯಾಂಕವಾದರೋ 15ರಿಂದ 14ಕ್ಕೆ ಇಳಿಯುತ್ತದೆ, ಅಷ್ಟೆ.

ಒಂಟಿ ಚುಕ್ಕೆ ಎಂದರೆ ತಪ್ಪೇ ಎಂದು ತೀರ್ಮಾನಿಸುವವರು ಬೆಂಗಳೂರಿನ ಮಳೆಯನ್ನು ನೋಡಬೇಕು. ಅಲ್ಲಿ ವರ್ಷದ ವಾಡಿಕೆ ಮಳೆ ಸಾವಿರ ಮಿಲಿಮೀಟರಿನ ಆಸುಪಾಸು. 2017ರಲ್ಲಿ ಅದು 1,700ರ ಹತ್ತಿರ ಬಂದು ದಾಖಲೆಯಾಯಿತು. 2022ರಲ್ಲಿ 1,900ನ್ನೂ ದಾಟಿತು. ಅಂಜನಾಪುರದ ಕಡೆ ಮನೆ ಮಾಡಿಕೊಂಡಿರುವ ನಮ್ಮವರ ಮಕ್ಕಳನ್ನು ಕೇಳಿದರೆ ಆ ವರ್ಷದ ಮಳೆ ಎಂಥದ್ದೆಂದು ಹೇಳಿಯಾರು. ಅಂಥ ವರ್ಷವನ್ನು ಪುಸ್ತಕದಿಂದ ಹೊಡೆದು ಹಾಕಿದರೆ ಚರಂಡಿಯನ್ನು ಯಾವ ಮಳೆಗೆಂದು ತೋಡುವುದು? ತೋಟದಲ್ಲಿ ಇಂಚು, ಸೆಂಟುಗಳಲ್ಲಿ ಮಳೆ ಬರೆದಿಡುವವರು ತಮ್ಮ ಹಳೆಯ ಪುಸ್ತಕಗಳಿಂದ ಮಾರ್ಚ್, ಏಪ್ರಿಲ್ ತಿಂಗಳಿಗೆ ಒಂದೊಂದು ಪೆಟ್ಟಿಗೆ ಬರೆದು ನೋಡಬಹುದು.

ಅಡಿಕೆಯಲ್ಲಿ ಚುಕ್ಕೆ ಎಡಗಡೆಗೂ ಬೀಳುತ್ತದೆ. ಕೊಳೆರೋಗ ಹೊಕ್ಕ ತೋಟ ಬೇಲಿಯ ಕೆಳಗೆ ಒಂಟಿಯಾಗಿ ಕಾಣಿಸಿದರೆ ಬೋರ್ಡೋ ದ್ರಾವಣ ಎಂದು ಹೊಡೆದರು, ಎಷ್ಟು ಸಲ ಹೊಡೆದರು ಎಂದು ಮೊದಲು ಕೇಳಬೇಕು. ಅರೇಬಿಕಾ, ರೊಬಸ್ಟಾಗಳನ್ನು ಮಾತ್ರ ಒಂದೇ ಪೆಟ್ಟಿಗೆಗೆ ತುಂಬಬೇಡಿರಿ. ನಾಲ್ಕೈದೇ ಅಂಕಿಗಳಿದ್ದರೆ ಪೆಟ್ಟಿಗೆಯ ಗೋಜೂ ಬೇಡ, ಅಂಕಿಗಳನ್ನೇ ಸಾಲಾಗಿ ಬರೆದಿಟ್ಟರೆ ಸಾಕು.