ಸಾವಿನ ಮನೆಯ ಬಾಗಿಲಲ್ಲಿ ಕೇಕೆ

ಸಾವಾದ ಮನೆಗೆ ಹೋದವರು ಹೊರಡುವಾಗ ‘ಹೋಗಿ ಬರುತ್ತೇನೆ’ ಎನ್ನುವುದಿಲ್ಲ. ಸದ್ದಿಲ್ಲದೆ ಎದ್ದು ಬರುತ್ತಾರೆ. ಹೆಣ ಎತ್ತುವವರೆಗೆ ಅಕ್ಕಪಕ್ಕದ ಮನೆಗಳಲ್ಲಿ ಒಲೆ ಹಚ್ಚುವುದಿಲ್ಲ. ವರ್ಷಗಟ್ಟಲೆ ಮಾತು ಬಿಟ್ಟ ದಾಯಾದಿಯೂ ಅಂದು ಬಂದು ಅಂಗಳದಲ್ಲಿ ತಲೆ ತಗ್ಗಿಸಿ ನಿಲ್ಲುತ್ತಾನೆ. ಇದನ್ನೆಲ್ಲ ನಮಗೆ ಯಾವ ಪಠ್ಯಪುಸ್ತಕವೂ ಕಲಿಸಲಿಲ್ಲ. ದೊಡ್ಡವರ ಬೆರಳು ಹಿಡಿದು ಹೋಗಿ, ನೋಡಿ ಕಲಿತೆವು.

ಈಗ ಸಾವಿನ ಮನೆಗೆ ಇನ್ನೊಂದು ಬಾಗಿಲೂ ಇದೆ. ತೀರಿಕೊಂಡವರ ಭಾವಚಿತ್ರ ಹಾಕಿ ಫೇಸ್‌ಬುಕ್‌ನಂಥ ತಾಣಗಳಲ್ಲಿ ತೆರೆಯುವ ನೆನಪಿನ ಪುಟ ಅದು. ದೂರದ ಊರಿನ ಬಂಧುಗಳು, ಹಳೆಯ ಸಹಪಾಠಿಗಳು ಅಲ್ಲಿ ಎರಡು ಸಾಲು ಬರೆದು ಮನಸ್ಸು ಹಗುರ ಮಾಡಿಕೊಳ್ಳುತ್ತಾರೆ. ಆದರೆ ಅದೇ ಬಾಗಿಲಲ್ಲಿ ನಿಂತು ಕೇಕೆ ಹಾಕುವವರೂ ಇದ್ದಾರೆ.

ಇದನ್ನು ಒಂಬತ್ತನೇ ತರಗತಿಯಲ್ಲಿ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: ‘ಸಾರ್, ಸತ್ತವರು ಅದನ್ನ ಓದೋದಿಲ್ಲವಲ್ಲ? ಮತ್ತೆ ನೋವಾಗೋದು ಯಾರಿಗೆ?’ ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಪ್ರಶ್ನೆ ಒಳ್ಳೆಯದೇ. ಅವನಿಗೆ ಅಂದು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ.

ಓದುವವರು ಯಾರು?

2011ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಹದಿಹರೆಯದ ಹುಡುಗಿಯೊಬ್ಬಳು ರೈಲು ಹಳಿಯ ಮೇಲೆ ಸಾವಿಗೀಡಾದಳು. ಮನೆಯವರು ಆಕೆಯ ನೆನಪಿಗೆ ಪುಟವೊಂದನ್ನು ತೆರೆದರು. ಕೆಲವೇ ದಿನಗಳಲ್ಲಿ ಅಲ್ಲಿ ಆಕೆಯ ಸಾವನ್ನು ಅಣಕಿಸುವ ಮಾತುಗಳು ಕಾಣಿಸಿಕೊಂಡವು. ಮಕ್ಕಳ ಕಾರ್ಟೂನಿನ ರೈಲಿಗೆ ಆಕೆಯ ಮುಖ ಅಂಟಿಸಿದ ವಿಡಿಯೊ ಕೂಡ ಬಂತು! ಮಾಡಿದವನು ರೆಡಿಂಗ್ ಪಟ್ಟಣದ 25 ವರ್ಷದ ಯುವಕ. ಮಗಳನ್ನು ಕಳೆದುಕೊಂಡ ಇನ್ನೊಬ್ಬ ತಾಯಿಗೆ ಅವನು ‘ಅಮ್ಮಂದಿರ ದಿನ’ವೇ ಅಂಥ ಸಂದೇಶ ಕಳಿಸಿದ್ದ. ಈ ಕುಟುಂಬಗಳಲ್ಲಿ ಯಾರ ಪರಿಚಯವೂ ಅವನಿಗೆ ಇರಲಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಅವನಿಗೆ 18 ವಾರಗಳ ಜೈಲು ವಿಧಿಸಿತು. ಐದು ವರ್ಷ ಸಾಮಾಜಿಕ ಜಾಲತಾಣಗಳನ್ನು ಬಳಸಕೂಡದೆಂದೂ ಆಜ್ಞೆಯಾಯಿತು.

ಇದು ಒಂದೇ ದೇಶದ ಕಥೆಯಲ್ಲ. 2010ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ಪ್ರಾಂತದಲ್ಲಿ ಕೊಲೆಯಾದ ಮಕ್ಕಳ ನೆನಪಿನ ಪುಟಗಳಲ್ಲಿ ಕಿಡಿಗೇಡಿಗಳು ಅಶ್ಲೀಲ ಚಿತ್ರಗಳನ್ನು ತುಂಬಿದರು. ಆಗ ಅಲ್ಲಿನ ಸರ್ಕಾರದ ಮುಖ್ಯಸ್ಥೆಯಾಗಿದ್ದ ಆ್ಯನಾ ಬ್ಲೈ ಅವರು ಫೇಸ್‌ಬುಕ್ಕಿನ ಮಾರ್ಕ್ ಝುಕರ್‌ಬರ್ಗ್ ಅವರಿಗೇ ಪತ್ರ ಬರೆಯಬೇಕಾಯಿತು. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ 2006ರಲ್ಲಿ ಏಳನೇ ತರಗತಿಯ ಹುಡುಗನೊಬ್ಬ ಪ್ರಾಣ ಕಳೆದುಕೊಂಡ. ಬಳಿಕ ಸುಮಾರು ಒಂದೂವರೆ ವರ್ಷ ಅವನ ಮನೆಗೆ ಅಪರಿಚಿತರ ಫೋನ್ ಬರುತ್ತಲೇ ಇದ್ದವು. ‘ನಾನು ನಿಮ್ಮ ಮಗನ ದೆವ್ವ’ ಎಂದು ನಗುತ್ತಿದ್ದರಂತೆ. ಆ ಫೋನ್ ಎತ್ತುತ್ತಿದ್ದವರು ಹೆತ್ತವರು. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿಯೇ ಇದೆ.

ಗಾಳ ಹಾಕುವವರು

ಇಂಥವರನ್ನು ‘ಟ್ರೋಲ್’ ಎನ್ನುತ್ತಾರೆ. ಸ್ಕ್ಯಾಂಡಿನೇವಿಯದ ಜನಪದ ಕಥೆಗಳ ರಾಕ್ಷಸನಿಗೂ ಅದೇ ಹೆಸರು. ಚಲಿಸುವ ದೋಣಿಯ ಹಿಂದೆ ಗಾಳ ಎಳೆದುಕೊಂಡು ಹೋಗಿ ಮೀನು ಹಿಡಿಯುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಪದ. ಟ್ರೋಲ್ ಮಾಡುವವನಿಗೆ ಬೇಕಾದದ್ದು ನಮ್ಮ ಸಿಟ್ಟು. ನಾವು ಕಚ್ಚಿದಷ್ಟೂ ಅವನಿಗೆ ಮಜಾ.

ಇವರನ್ನು ಮಾತನಾಡಿಸಿ ಅಧ್ಯಯನ ಮಾಡಿದ ಅಮೆರಿಕದ ವಿದ್ವಾಂಸೆ ವಿಟ್ನಿ ಫಿಲಿಪ್ಸ್ 2015ರಲ್ಲಿ ಈ ಬಗ್ಗೆ ಪುಸ್ತಕ ಬರೆದಿದ್ದಾರೆ. ನೆನಪಿನ ಪುಟಗಳನ್ನು ಕೆಡಿಸುವವರು ಆಕೆಗೆ ಒಂದು ಸಮರ್ಥನೆ ಕೊಟ್ಟಿದ್ದರು: ‘ನಮ್ಮ ಗುರಿ ಸತ್ತವರ ಮನೆಯವರಲ್ಲ; ಗುರುತೇ ಇಲ್ಲದವರ ಸಾವಿಗೆ ಬಂದು ಕಣ್ಣೀರು ಹಾಕುವ ದುಃಖದ ಪ್ರವಾಸಿಗರು.’

ಈ ಮಾತಿನಲ್ಲಿ ಕೂದಲೆಳೆಯಷ್ಟು ಸತ್ಯ ಇಲ್ಲದಿಲ್ಲ. ಯಾರೋ ಹೋದರೆಂದು ಮೂರಕ್ಷರ ಒತ್ತಿ, ಮರುಕ್ಷಣ ಹಾಸ್ಯದ ತುಣುಕು ನೋಡುವವರು ನಾವೂ ಹೌದಲ್ಲವೇ? ಆದರೆ ಈ ಸಮರ್ಥನೆ ನಿಲ್ಲುವುದಿಲ್ಲ. ಪ್ರವಾಸಿಗನ ಕಡೆಗೆ ಎಸೆದ ಕಲ್ಲು ಬೀಳುವುದು ಸೂತಕದ ಮನೆಯ ಅಂಗಳದಲ್ಲೇ. ಪ್ರವಾಸಿಗ ನಾಳೆ ಮರೆಯುತ್ತಾನೆ, ತಾಯಿ ಮರೆಯುವುದಿಲ್ಲ.

ಕಾಣದ ಮುಖ

ಎದುರಿಗಿರುವವರ ಕಣ್ಣು ತುಂಬಿದರೆ ನಮ್ಮ ನಾಲಿಗೆ ತಾನಾಗಿ ತಡೆಯುತ್ತದೆ. ಪರದೆಯ ಮುಂದೆ ಈ ತಡೆ ಇಲ್ಲ. ಹೆಸರು ಮರೆಯಾಗಿರುತ್ತದೆ, ಮುಖ ಕಾಣುವುದಿಲ್ಲ, ಉತ್ತರ ತಕ್ಷಣ ಬರುವುದಿಲ್ಲ. ಇಂಥ ಕಾರಣಗಳಿಂದ ಮನಸ್ಸಿನ ಲಗಾಮು ಸಡಿಲವಾಗುವುದನ್ನು ಮನಶ್ಶಾಸ್ತ್ರಜ್ಞ ಜಾನ್ ಸೂಲರ್ 2004ರಲ್ಲಿ ವಿವರಿಸಿದರು.

ಇನ್ನೊಂದು ಪ್ರಯೋಗ ಪಾಲಕರ ನಿದ್ದೆ ಕೆಡಿಸುವಂಥದು. 2017ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು ಕೆಲವರಿಗೆ ಸುಲಭದ, ಕೆಲವರಿಗೆ ತಲೆಕೆಡಿಸುವ ಪ್ರಶ್ನೆಗಳನ್ನು ಕೊಟ್ಟರು. ಬಳಿಕ ಒಂದು ಲೇಖನ ಓದಿಸಿ ಅಭಿಪ್ರಾಯ ಬರೆಯಿಸಿದರು. ಕೆಲವರಿಗೆ ಅಲ್ಲಿ ಮೊದಲೇ ಒರಟು ಮಾತುಗಳು ಕಾಣುವಂತೆ ಮಾಡಿದ್ದರು. ಮನಸ್ಸು ತಿಳಿಯಾಗಿದ್ದು, ಸಭ್ಯ ಮಾತುಗಳನ್ನೇ ಕಂಡವರು ಬರೆದದ್ದರಲ್ಲಿ ಶೇಕಡಾ 35ರಷ್ಟು ಟ್ರೋಲ್ ಎನಿಸುವಂತಿತ್ತು. ಮನಸ್ಸು ಕೆಟ್ಟು, ಕೆಟ್ಟ ಮಾತುಗಳನ್ನೂ ಕಂಡವರಲ್ಲಿ ಅದು ಶೇಕಡಾ 68ಕ್ಕೆ ಏರಿತು!

ಅಂದರೆ ಟ್ರೋಲ್ ಬೇರೆ ಜಾತಿಯ ಪ್ರಾಣಿಯಲ್ಲ. ಪರಕ್ಲಾಸಿನಲ್ಲಿ ಕಡಿಮೆ ಅಂಕ ಬಂದ ಸಂಜೆ, ಗೆಳೆಯರ ಗುಂಪಿನಲ್ಲಿ ನಗೆಪಾಟಲು ನಡೆಯುತ್ತಿರುವಾಗ, ನಮ್ಮ ಮನೆಯ ಮಗುವೂ ಅದಾಗಬಹುದು.

ಕಾನೂನಿನ ಅಳತೆ

ಹಾಗಾದರೆ ಕಾನೂನು ಬಿಗಿ ಮಾಡಿದರೆ ಸಾಲದೇ? ನಮ್ಮ ದೇಶದ ಅನುಭವ ನೋಡಿ. 2012ರ ನವೆಂಬರ್‌ನಲ್ಲಿ ಬಾಳ ಠಾಕ್ರೆಯವರು ನಿಧನರಾದಾಗ ಮುಂಬಯಿ ಸ್ತಬ್ಧವಾದದ್ದನ್ನು ಮಹಾರಾಷ್ಟ್ರದ ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್‌ನಲ್ಲಿ ಪ್ರಶ್ನಿಸಿದಳು. ಆಕೆಯ ಗೆಳತಿ ಅದನ್ನು ಮೆಚ್ಚಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಅಲ್ಲಿ ಬೈಗುಳವೂ ಇರಲಿಲ್ಲ, ಅಣಕವೂ ಇರಲಿಲ್ಲ. ಇಂಥ ಬಂಧನಗಳಿಗೆ ದಾರಿಯಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಸಾವಿನ ಸಂದರ್ಭದಲ್ಲೂ ಪ್ರಶ್ನೆ ಕೇಳುವುದು ಬೇರೆ, ಹೆತ್ತ ಹೊಟ್ಟೆಗೆ ಬೆಂಕಿ ಇಡುವುದು ಬೇರೆ. ಈ ಗೆರೆಯನ್ನು ಕಾನೂನು ಎಲ್ಲ ಸಲವೂ ಸರಿಯಾಗಿ ಎಳೆಯುತ್ತದೆಂದು ಹೇಳಲಾಗದು.

ಹಾಗೆಂದು ಕಾನೂನು ಕೈಕಟ್ಟಿ ಕುಳಿತಿಲ್ಲ. ಬಂಧುಗಳ ಮನಸ್ಸು ನೋಯಿಸಲೆಂದೇ ಸತ್ತವರ ಮಾನ ಕಳೆದರೆ ಅದೂ ಮಾನನಷ್ಟವಾಗಬಹುದು ಎಂದು ಹಳೆಯ ಭಾರತೀಯ ದಂಡ ಸಂಹಿತೆ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮೂ ಅದನ್ನೇ ಹೇಳುತ್ತದೆ.

ದೋಷವೆಲ್ಲ ಯಂತ್ರದ್ದೂ ಅಲ್ಲ. 2014ರಲ್ಲಿ ಯು.ಆರ್. ಅನಂತಮೂರ್ತಿಯವರು ತೀರಿಕೊಂಡಾಗ ನಮ್ಮ ರಾಜ್ಯದಲ್ಲೇ ಕೆಲವೆಡೆ ಬೀದಿಯಲ್ಲಿ ಪಟಾಕಿ ಸಿಡಿಸಿದರು. 2017ರಲ್ಲಿ ಗೌರಿ ಲಂಕೇಶ್ ಅವರ ಹತ್ಯೆಯಾದಾಗ ಜಾಲತಾಣಗಳಲ್ಲಿ ಸಂಭ್ರಮಿಸಿದವರೂ ಇದ್ದರು. ಅವರ ವಿಚಾರ ಒಪ್ಪದಿರಲು ಎಲ್ಲರಿಗೂ ಹಕ್ಕಿದೆ. ಆದರೆ ಸಾವಿಗೆ ಪಟಾಕಿ ಹಚ್ಚುವುದನ್ನು ದೊಡ್ಡವರಿಂದ ಕಂಡ ಮಕ್ಕಳು ಏನು ಕಲಿತಾರು?

ಮನೆಯಲ್ಲಿ ಮಾಡಬಹುದಾದ್ದು

ನಿಮ್ಮ ಮನೆಯವರ ನೆನಪಿನ ಪುಟದಲ್ಲಿ ಇಂಥದು ಕಂಡರೆ ಉತ್ತರಿಸಬೇಡಿ, ಗಾಳ ಕಚ್ಚಬೇಡಿ. ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಬಳಿಕ ತಾಣಕ್ಕೆ ವರದಿ ಮಾಡಿ, ಅಳಿಸಿಹಾಕಿ. ಬೆದರಿಕೆ ಇದ್ದರೆ ಪೊಲೀಸರಿಗೆ ದೂರು ಕೊಡಿ. ತೀರಿಕೊಂಡವರ ಫೇಸ್‌ಬುಕ್ ಖಾತೆಯನ್ನು ಸ್ಮರಣೆಯ ಖಾತೆಯಾಗಿ ಬದಲಿಸುವಂತೆ ಮನೆಯವರು ಕೇಳಿಕೊಳ್ಳಬಹುದು.

ಪಾಲಕರಲ್ಲಿ ಇನ್ನೊಂದು ಮಾತು. ‘ಮಕ್ಕಳು ಹೆದರುತ್ತಾರೆ’ ಎಂದು ಅವರನ್ನು ಸಾವಿನ ಮನೆಗೆ ಕರೆದೊಯ್ಯುವುದನ್ನೇ ನಾವು ಬಿಟ್ಟಿದ್ದೇವೆ. ಅಲ್ಲಿ ದನಿ ತಗ್ಗಿಸುವುದನ್ನು ನೋಡದ ಮಗು ಮೊಬೈಲಿನಲ್ಲಿ ಹೇಗೆ ದನಿ ತಗ್ಗಿಸೀತು? ಒಮ್ಮೆ ಜೊತೆಗೆ ಕರೆದುಕೊಂಡು ಹೋಗಿ. ಮೂಲೆಯಲ್ಲಿ ಕುಳಿತ ಅಜ್ಜಿಯ ಮುಖವನ್ನು ಅದು ನೋಡಲಿ.

ಹಿಂದಿನ ಬೆಂಚಿನ ಆ ಹುಡುಗನಿಗೆ ಕೊನೆಗೆ ಹೇಳಿದ್ದು ಇಷ್ಟೇ: ‘ಸತ್ತವರು ಓದೋದಿಲ್ಲ ಕಣಪ್ಪ, ನಿಜ. ಅವರಮ್ಮ ಓದ್ತಾರೆ. ರಾತ್ರಿ ಎಲ್ಲರೂ ಮಲಗಿದ ಮೇಲೆ, ಮತ್ತೆ ಮತ್ತೆ ಓದ್ತಾರೆ.’

ಅವನು ಏನೂ ಹೇಳದೆ ಕುಳಿತುಕೊಂಡ. ಈ ಸಲ ಯಾರೂ ನಗಲಿಲ್ಲ.