ಒಂಟಿ ಓಟಗಾರನ ಜೊತೆಗಾರರು

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ಕುಮಾರಾ ಎಂಬ ಸಣ್ಣ ಊರಿದೆ. ಪ್ರತಿವರ್ಷ ಫೆಬ್ರುವರಿಯಲ್ಲಿ, ಅಂದರೆ ಅಲ್ಲಿನ ಬೇಸಿಗೆಯಲ್ಲಿ, ಒಂದು ದಿನ ನಸುಕಿಗೇ ಅದರ ಸಮೀಪದ ಕಡಲತೀರದಲ್ಲಿ ನೂರಾರು ಜನ ನೆರೆಯುತ್ತಾರೆ. ಸಂಕೇತ ಸಿಕ್ಕೊಡನೆ ಟಾಸ್ಮನ್ ಸಮುದ್ರಕ್ಕೆ ಬೆನ್ನು ಹಾಕಿ ಓಡತೊಡಗುತ್ತಾರೆ. ಅವರು ಮುಟ್ಟಬೇಕಾದದ್ದು ದ್ವೀಪದ ಇನ್ನೊಂದು ಮಗ್ಗುಲಿನಲ್ಲಿರುವ ಪೆಸಿಫಿಕ್ ಸಾಗರವನ್ನು. ನಡುವೆ 243 ಕಿಲೋಮೀಟರ್ ಹಾದಿ ಮತ್ತು ಸದರ್ನ್ ಆಲ್ಪ್ಸ್ ಎಂಬ ಪರ್ವತಸಾಲು. ಇದನ್ನು ಓಡಿ, ಸೈಕಲ್ ತುಳಿದು, ದೋಣಿ ನಡೆಸಿ ದಾಟಬೇಕು.

ಈ ಸ್ಪರ್ಧೆಯ ಹೆಸರು 'ಕೋಸ್ಟ್ ಟು ಕೋಸ್ಟ್'. ಅದರ 'ಲಾಂಗೆಸ್ಟ್ ಡೇ' ವಿಭಾಗಕ್ಕೆ ಒಂಟಿಯಾಗಿ ಹೆಸರು ಕೊಟ್ಟವರು ಇಷ್ಟನ್ನೂ ಒಂದೇ ದಿನದಲ್ಲಿ ಮುಗಿಸಬೇಕು. ಮುಂಚೂಣಿಯವರಿಗೆ ಹನ್ನೊಂದು ಗಂಟೆಯ ಆಸುಪಾಸು ಹಿಡಿಯುತ್ತದೆ. ಉಳಿದವರಲ್ಲಿ ಎಷ್ಟೋ ಮಂದಿಗೆ ಕತ್ತಲಾದ ಮೇಲೂ ದಾರಿ ಸವೆದಿರುವುದಿಲ್ಲ.

ಇಷ್ಟು ದೊಡ್ಡ ಹಾದಿಯ ಓಟವನ್ನು ಸಾಹಸ ಕ್ರೀಡೆಯವರು 'ಚಿಕ್ಕದು' ಎನ್ನುತ್ತಾರೆಂದರೆ ಓದುಗರಿಗೆ ಅಚ್ಚರಿಯಾದೀತು. ಆದರೆ ಲೆಕ್ಕ ಹಾಗೆಯೇ ಇದೆ. ಈ ಕ್ರೀಡೆಯ ದೊಡ್ಡ ಸ್ಪರ್ಧೆಗಳು ವಾರ, ಹತ್ತು ದಿನ ನಡೆಯುತ್ತವೆ. ಅವು ತಂಡಗಳಿಗೆ ಮೀಸಲು. ಒಂದು ದಿನದೊಳಗೆ ಮುಗಿಯುವಂಥವು ಚಿಕ್ಕ ಓಟಗಳು. ಒಬ್ಬೊಬ್ಬರೇ ಇಳಿಯಲು ಅವಕಾಶ ಇರುವುದು ಹೆಚ್ಚಾಗಿ ಇವುಗಳಲ್ಲಿ. ಹೀಗೆ ಗೆರೆ ಎಳೆದಿರುವುದಕ್ಕೆ ಕಾರಣವಿದೆ. ಆ ಕಾರಣವನ್ನು ಅರಿತರೆ ಈ ಕ್ರೀಡೆಯ ಒಳಗುಟ್ಟೇ ಅರ್ಥವಾದಂತೆ.

ಹಸಿರು ಕಲ್ಲಿನ ಹಾದಿ

ಕರಾವಳಿಯಿಂದ ಕರಾವಳಿಗೆ ದಾಟುವುದು ಆ ನಾಡಿಗೆ ಹೊಸದಲ್ಲ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರಿಗೆ 'ಪೌನಮು' ಎಂಬ ಹಸಿರು ಕಲ್ಲು ಬಹು ಅಮೂಲ್ಯ. ಆಯುಧ, ಉಳಿ, ಒಡವೆ ಎಲ್ಲಕ್ಕೂ ಅದೇ ಬೇಕು. ಕಲ್ಲು ಸಿಗುವುದು ಪಶ್ಚಿಮ ಕರಾವಳಿಯ ಅರಹುರಾ ಮುಂತಾದ ಹೊಳೆಗಳಲ್ಲಿ. ಬೇಕಾದವರು ಪೂರ್ವದಲ್ಲೂ ಇದ್ದರು. ರೌರೆಕಾ ಎಂಬ ಹೆಂಗಸು ಪಶ್ಚಿಮದಿಂದ ಬೆಟ್ಟ ಹತ್ತಿ ಪೂರ್ವಕ್ಕೆ ಇಳಿದು, ಅಲ್ಲಿಯವರಿಗೆ ಈ ಕಲ್ಲನ್ನು ತೋರಿಸಿದಳೆಂದು ಅವರ ಐತಿಹ್ಯ ಹೇಳುತ್ತದೆ. ಮುಂದೆ 1864ರಲ್ಲಿ ಆರ್ಥರ್ ಡಡ್ಲಿ ಡಾಬ್ಸನ್ ಎಂಬ ಭೂಮಾಪಕ ಬೆಟ್ಟಸಾಲಿನ ಒಂದು ದಾರಿಯನ್ನು ಅಳೆದ. ಅದೇ ಹೊತ್ತಿಗೆ ಪಶ್ಚಿಮದಲ್ಲಿ ಚಿನ್ನ ಸಿಕ್ಕಿ ಜನ ಮುಗಿಬಿದ್ದರು. 1866ರ ಹೊತ್ತಿಗೆ ರಸ್ತೆಯೂ ಆಯಿತು. ಅದು ಇಂದಿನ ಆರ್ಥರ್ಸ್ ಪಾಸ್.

ರಾಬಿನ್ ಜಡ್ಕಿನ್ಸ್ ಎಂಬಾತ 1980ರಲ್ಲಿ ಹಿಮಜಾರಾಟ, ಓಟ ಮತ್ತು ಕಯಾಕ್ ದೋಣಿ ಸೇರಿದ 'ಆಲ್ಪೈನ್ ಐರನ್‌ಮ್ಯಾನ್' ಎಂಬ ಸ್ಪರ್ಧೆ ನಡೆಸಿದ್ದ. ಇಡೀ ದ್ವೀಪವನ್ನೇ ದಾಟಿಸುವ ಯೋಜನೆ ಅದರ ಮುಂದಿನ ಹೆಜ್ಜೆ. 1983ರಲ್ಲಿ ನಡೆದ ಮೊದಲ ಕೋಸ್ಟ್ ಟು ಕೋಸ್ಟ್‌ನಲ್ಲಿ ಭಾಗವಹಿಸಿದವರು 79 ಮಂದಿ. ಆಗ ಅದು ಎರಡು ದಿನದ ಓಟ. ಒಂದೇ ದಿನದಲ್ಲಿ ಮುಗಿಸುವ ವಿಭಾಗ ಸೇರಿದ್ದು 1987ರಲ್ಲಿ. ಎರಡು ದಿನದ ವಿಭಾಗ ಈಗಲೂ ಇದೆ. ಮೊದಲ ಸಲ ಬರುವ ಹೆಚ್ಚಿನವರು ಅದನ್ನೇ ಆರಿಸಿಕೊಳ್ಳುತ್ತಾರೆ.

ಹಂತ ಹಂತವಾಗಿ

ಕಡಲತೀರದಿಂದ ಸುಮಾರು ಎರಡು ಕಿ.ಮೀ. ಓಡಿದರೆ ಸೈಕಲ್ ಸಿಗುತ್ತದೆ. ಮುಂದೆ 55 ಕಿ.ಮೀ. ಸವಾರಿ. ಇಲ್ಲಿ ಗುಂಪಿನ ಹಿಂದೆ ಸೇರಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಮುಂದಿನ ಸವಾರ ಗಾಳಿಯನ್ನು ಸೀಳಿಕೊಡುವುದರಿಂದ ಹಿಂದಿನವನ ಶ್ರಮದಲ್ಲಿ ಕಾಲುಭಾಗದಷ್ಟಾದರೂ ಉಳಿಯುತ್ತದೆ. ಆ ಮೊದಲ ಎರಡು ಕಿ.ಮೀ. ಓಟದಲ್ಲಿ ನಿಧಾನಿಸಿ ಗುಂಪನ್ನು ತಪ್ಪಿಸಿಕೊಂಡವನು ಎದುರುಗಾಳಿಯಲ್ಲಿ ಒಬ್ಬನೇ ತುಳಿಯಬೇಕು. ದಿನವಿಡೀ ನಡೆಯುವ ಸ್ಪರ್ಧೆಯ ಮೊದಲ ಹತ್ತು ನಿಮಿಷಕ್ಕೆ ಇಷ್ಟು ಬೆಲೆ ಬರುವುದು ಈ ಕಾರಣಕ್ಕೆ.

ನಂತರದ್ದು ಬೆಟ್ಟದ ಓಟ, 30 ಕಿ.ಮೀ.ಗೂ ಮಿಕ್ಕಿ. ಓಟ ಎಂಬುದು ಹೆಸರಿಗೆ. ಡಿಸೆಪ್ಷನ್ ಎಂಬ ನದಿಯ ಪಾತ್ರದಲ್ಲಿ ಬಂಡೆಯಿಂದ ಬಂಡೆಗೆ ಹಾರುತ್ತ, ಮತ್ತೆ ಮತ್ತೆ ನೀರಿಗಿಳಿದು ಆಚೆ ದಡ ಸೇರುತ್ತ ಮೇಲೇರಬೇಕು. ಹೆಚ್ಚಿನ ಕಡೆ ಸರಿಯಾದ ಕಾಲುದಾರಿಯೂ ಇಲ್ಲ. ನದಿಯ ಹೆಸರಿಗೆ ವಂಚನೆ ಎಂಬ ಅರ್ಥವಿರುವುದನ್ನು ಸ್ಪರ್ಧಾಳುಗಳು ತಮಾಷೆಯಾಗಿ ನೆನೆಯುವುದುಂಟು. ಸುಮಾರು 1,070 ಮೀಟರ್ ಎತ್ತರದ ಗೋಟ್ ಪಾಸ್ ಮುಟ್ಟಿ, ಮಿಂಘಾ ಕಣಿವೆಯಲ್ಲಿ ಇಳಿದರೆ ಮತ್ತೆ ಸೈಕಲ್, 15 ಕಿ.ಮೀ.

ಆಮೇಲೆ ಬರುವುದು ವೈಮಕರಿರಿ ನದಿ. ಮಾವೊರಿ ಭಾಷೆಯಲ್ಲಿ ಇದಕ್ಕೆ ತಣ್ಣೀರಿನ ಹೊಳೆ ಎಂಬ ಅರ್ಥ. ಇದರಲ್ಲಿ 70 ಕಿ.ಮೀ. ಕಯಾಕ್ ನಡೆಸಬೇಕು. ಬಹುದೂರ ಎರಡೂ ಕಡೆ ಕಡಿದಾದ ಬಂಡೆಗೋಡೆ, ರಸ್ತೆಯ ಸಂಪರ್ಕವಿಲ್ಲ. ಇಲ್ಲಿ ದೋಣಿಯ ಆಯ್ಕೆಯೇ ಒಂದು ಪರೀಕ್ಷೆ. ಕಿರಿದಾದ ದೋಣಿ ವೇಗವಾಗಿ ಸಾಗುತ್ತದೆ, ಆದರೆ ಬೇಗ ಮಗುಚುತ್ತದೆ. ಅಗಲವಾದದ್ದು ನಿಧಾನ, ಆದರೆ ದಣಿದವನನ್ನೂ ಎತ್ತಿ ಹಿಡಿಯುತ್ತದೆ. ಮನೆಯ ಹತ್ತಿರದ ಕೆರೆಯಲ್ಲಿ ವೇಗದ ದೋಣಿಯನ್ನು ಸಲೀಸಾಗಿ ನಡೆಸಿದವನು, ಐದಾರು ಗಂಟೆ ಓಡಿ ತುಳಿದು ಬಂದ ಮೇಲೆ ಅದೇ ದೋಣಿಯಲ್ಲಿ ನೆಟ್ಟಗೆ ಕೂರಲಾರ. ನದಿ ದಾಟಿದ ಮೇಲೆ ಕೊನೆಯ 70 ಕಿ.ಮೀ. ಸೈಕಲ್, ಕ್ರೈಸ್ಟ್‌ಚರ್ಚ್ ನಗರದ ಕಡಲತೀರದಲ್ಲಿ ಮುಕ್ತಾಯ.

ತಣ್ಣಗಾದ ಬುದ್ಧಿ

ಇಷ್ಟನ್ನು ಕೇಳಿದರೆ ಒಂಟಿ ಸ್ಪರ್ಧಾಳುವಿನ ಶತ್ರು ದಣಿವು ಎನಿಸುತ್ತದೆ. ದಣಿವು ನಿಜ. ದೇಹದ ಸ್ನಾಯುಗಳಲ್ಲಿ ಮತ್ತು ಪಿತ್ತಜನಕಾಂಗದಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು ಬಿರುಸಾದ ಶ್ರಮದಲ್ಲಿ ಒಂದೂವರೆ ಎರಡು ಗಂಟೆಯಲ್ಲಿ ಬಹುಮಟ್ಟಿಗೆ ಖಾಲಿಯಾಗುತ್ತದೆ. ಆದ್ದರಿಂದ ಗಂಟೆಗೆ 60 ಗ್ರಾಂನಷ್ಟು ಪಿಷ್ಟ ಅಥವಾ ಸಕ್ಕರೆಯನ್ನು ಹೊಟ್ಟೆಗೆ ಹಾಕುತ್ತಿರಬೇಕು, ಹಸಿವಾಗಲಿ ಬಿಡಲಿ. ನೀರೂ ಬೇಕು. ಆದರೆ ಬರೀ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಪ್ರಾಣಕ್ಕೆ ಸಂಚಕಾರ ಬರುತ್ತದೆ. ಇವೆಲ್ಲ ಅಭ್ಯಾಸದಿಂದ ಕಲಿಯಬಹುದಾದ ಸಂಗತಿಗಳು.

ಅಭ್ಯಾಸದಿಂದ ಗೆಲ್ಲಲಾಗದ ಶತ್ರು ಚಳಿ. ನಮ್ಮ ಪಶ್ಚಿಮ ಘಟ್ಟದಂತೆಯೇ ಸದರ್ನ್ ಆಲ್ಪ್ಸ್ ಕೂಡ ಕಡಲ ಕಡೆಯಿಂದ ಬರುವ ಮೋಡಗಳನ್ನು ತಡೆದು ನಿಲ್ಲಿಸುತ್ತದೆ. ಆಗುಂಬೆಯಲ್ಲಿ ಜಡಿಮಳೆ ಹಿಡಿದಾಗ ಬಯಲುಸೀಮೆಯಲ್ಲಿ ಬಿಸಿಲಿರುವಂತೆ, ಅಲ್ಲೂ ಪೂರ್ವದ ಬಯಲು ಒಣಗಿರುವಾಗ ಪಶ್ಚಿಮದ ಕಣಿವೆಗಳಲ್ಲಿ ಮಳೆ ಸುರಿಯುತ್ತಿರಬಹುದು. ಬೇಸಿಗೆಯಲ್ಲೂ ಇದು ತಪ್ಪಿದ್ದಲ್ಲ. ನೆನೆದ ಬಟ್ಟೆ, ಗಾಳಿ, ಹಿಮ ಕರಗಿದ ನೀರು ಮೂರೂ ಸೇರಿದರೆ ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಹುದು. ವೈದ್ಯರು ಇದನ್ನು ಹೈಪೊಥರ್ಮಿಯಾ ಎನ್ನುತ್ತಾರೆ.

ಇದರ ಲಕ್ಷಣಗಳನ್ನು ಪರ್ವತಾರೋಹಣ ಶಿಬಿರಗಳಲ್ಲಿ ಮೊದಲ ಪಾಠವಾಗಿ ಕಲಿಸುತ್ತಾರೆ: ಕಾಲು ಎಡವುವುದು, ಮಾತು ತೊದಲುವುದು, ಕೈಯಲ್ಲಿದ್ದದ್ದು ಜಾರುವುದು, ಸುಮ್ಮಸುಮ್ಮನೆ ಗೊಣಗುವುದು. ಗಮನಿಸಿ, ಇವೆಲ್ಲ ಪಕ್ಕದವರ ಕಣ್ಣಿಗೆ ಬೀಳುವ ಲಕ್ಷಣಗಳು. ಚಳಿಗೆ ಮೊದಲು ಮಂಕಾಗುವವುಗಳಲ್ಲಿ ಮಿದುಳೂ ಒಂದು. ತನಗೆ ಏನೋ ಆಗುತ್ತಿದೆ ಎಂದು ತಿಳಿಯಬೇಕಾದ ಅಂಗವೇ ಮಂಕಾದರೆ ತಿಳಿಸುವವರು ಯಾರು? ತಂಡದಲ್ಲಿದ್ದರೆ ಜೊತೆಗಾರ 'ನಿಲ್ಲು, ಕೋಟು ಹಾಕಿಕೋ' ಎನ್ನುತ್ತಾನೆ. ಒಂಟಿಯಾದವನು ತಾನು ಚೆನ್ನಾಗಿಯೇ ಇದ್ದೇನೆಂದುಕೊಂಡು ಮುಂದೆ ಹೋಗುತ್ತಾನೆ.

ಬ್ರಿಟನ್ನಿನಲ್ಲಿ 1968ರಲ್ಲಿ ಆರಂಭವಾದ ಕ್ಯಾರಿಮೋರ್ ಪರ್ವತ ಮ್ಯಾರಥಾನ್ ಜೋಡಿಗಳ ಓಟವಾಗಿ ರೂಪುಗೊಂಡದ್ದನ್ನು ಇಲ್ಲಿ ನೆನೆಯಬೇಕು. ಫ್ರೆಂಚ್ ಪತ್ರಕರ್ತ ಜೆರಾರ್ ಫ್ಯೂಸಿಲ್ 1989ರಲ್ಲಿ ನ್ಯೂಜಿಲೆಂಡಿನಲ್ಲೇ ಮೊದಲ ಬಾರಿಗೆ ನಡೆಸಿದ 'ರೇಡ್ ಗೋಲ್ವಾಸ್' ಸ್ಪರ್ಧೆಗೆ ಐದು ಜನರ ತಂಡ ಕಡ್ಡಾಯ. ಅದರಲ್ಲಿ ಒಬ್ಬ ಮಹಿಳೆಯಾದರೂ ಇರಬೇಕು. ಹಗಲು ರಾತ್ರಿ ನಿದ್ದೆಗೆಟ್ಟು ಕಾಡು ಸುತ್ತುವವರನ್ನು ಒಬ್ಬೊಬ್ಬರನ್ನೇ ಬಿಡುವ ಧೈರ್ಯ ಸಂಘಟಕರಿಗೂ ಬರುವುದಿಲ್ಲ. 2019ರಲ್ಲಿ ಫಿಜಿಯಲ್ಲಿ ನಡೆದ 'ಇಕೋ ಚಾಲೆಂಜ್'ನಲ್ಲಿ ಭಾರತದ ಅವಳಿ ಪರ್ವತಾರೋಹಿಗಳಾದ ತಾಶಿ ಮತ್ತು ನುಂಗ್ಶಿ ಮಲಿಕ್ ಭಾಗವಹಿಸಿದ್ದೂ ತಂಡವಾಗಿಯೇ.

ಚೀಲದೊಳಗಿನ ಜೊತೆಗಾರ

ಹಾಗಾದರೆ ಒಂಟಿ ಓಟಗಾರನಿಗೆ ರಕ್ಷಣೆ ಏನು? ಇಲ್ಲದ ಜೊತೆಗಾರನ ಕೆಲಸವನ್ನು ನಿಯಮಗಳು ಹಂಚಿಕೊಂಡಿವೆ. ಬೆಟ್ಟದ ಓಟಕ್ಕೆ ಹೋಗುವವನ ಬೆನ್ನುಚೀಲದಲ್ಲಿ ಬೆಚ್ಚನೆಯ ಒಳಉಡುಪು, ಮಳೆಕೋಟು, ಟೋಪಿ, ಪ್ರಥಮ ಚಿಕಿತ್ಸೆಯ ಸಾಮಾನು ಇರಲೇಬೇಕು. ಬೆಚ್ಚಗಿಡುವ ಬಟ್ಟೆ ಉಣ್ಣೆಯದೋ ಪಾಲಿಪ್ರೊಪಿಲೀನ್ ನೂಲಿನದೋ ಆಗಿರಬೇಕು. ಹತ್ತಿಬಟ್ಟೆ ಒದ್ದೆಯಾದರೆ ಮೈಯ ಕಾವನ್ನೇ ಹೀರಿಬಿಡುತ್ತದೆ. ಗ್ರಾಂ ಲೆಕ್ಕದಲ್ಲಿ ಭಾರ ಇಳಿಸುವ ಓಟಗಾರರಿಗೆ ಈ ಚೀಲ ಕಿರಿಕಿರಿ. ಹಾಗೆಂದು ಬಿಟ್ಟು ಬಂದವರನ್ನು ಸಂಘಟಕರು ಓಡಲು ಬಿಡುವುದಿಲ್ಲ. ನದಿಗಿಳಿಯುವವರು ಹರಿಯುವ ನೀರಿನಲ್ಲಿ ದೋಣಿ ನಡೆಸಬಲ್ಲೆವೆಂಬ ಪ್ರಮಾಣಪತ್ರವನ್ನು ಮೊದಲೇ ಪಡೆದಿರಬೇಕು. ಹೆಲ್ಮೆಟ್, ತೇಲುಜಾಕೆಟ್ ಕಡ್ಡಾಯ. ಹೊಳೆ ಉಕ್ಕಿದಾಗ ಬೆಟ್ಟದ ಓಟವನ್ನು ಕೈಬಿಟ್ಟು ರಸ್ತೆಯ ಮೇಲೆ ಬದಲಿ ಓಟ ಏರ್ಪಡಿಸಿದ ವರ್ಷಗಳೂ ಇವೆ.

ಇನ್ನೊಂದು ಸಂಗತಿ. ಒಂಟಿ ಎಂದು ಪಟ್ಟಿಯಲ್ಲಿ ಹೆಸರಿರುವವನಿಗೂ ನೆರವಿನ ತಂಡವೊಂದು ಇರಲೇಬೇಕು. ಅವನು ಬೆಟ್ಟ ಹತ್ತಿಳಿಯುವಷ್ಟರಲ್ಲಿ ಅವನ ಮನೆಯವರೋ ಗೆಳೆಯರೋ ಸೈಕಲ್ಲನ್ನು ಕಾರಿಗೇರಿಸಿ, ಆರ್ಥರ್ಸ್ ಪಾಸ್ ರಸ್ತೆಯಲ್ಲಿ ಸುತ್ತಿ ಬಂದು ಆಚೆ ಬದಿಯಲ್ಲಿ ಕಾದಿರುತ್ತಾರೆ. ದೋಣಿಯನ್ನು ನದಿದಡಕ್ಕೆ ತರುವವರೂ, ಒದ್ದೆ ಅಂಗಿ ಬಿಡಿಸಿ ಒಣ ಅಂಗಿ ತೊಡಿಸುವವರೂ, ಬಾಯಿಗೆ ಊಟ ಇಡುವವರೂ ಅವರೇ. ಅವನ ಮುಖ ನೋಡಿ 'ಇವತ್ತಿಗೆ ಸಾಕು' ಎನ್ನುವ ಅಧಿಕಾರವನ್ನು ಎಷ್ಟೋ ಸ್ಪರ್ಧಾಳುಗಳು ಮೊದಲೇ ಅವರಿಗೆ ಒಪ್ಪಿಸಿರುತ್ತಾರೆ. ಮಂಕಾದ ಬುದ್ಧಿಯ ಕೈಗೆ ತೀರ್ಮಾನ ಬಿಡಬಾರದೆಂಬ ವಿವೇಕ ಇದರಲ್ಲಿದೆ.

ಗರ್ನಿಯ ಕಥೆ

ಈ ಸ್ಪರ್ಧೆಯ ಇತಿಹಾಸದಲ್ಲಿ ಸ್ಟೀವ್ ಗರ್ನಿಯ ಹೆಸರು ಬಿಡುವಂತಿಲ್ಲ. ಒಂದು ದಿನದ ವಿಭಾಗವನ್ನು ಆತ ಒಂಬತ್ತು ಬಾರಿ ಗೆದ್ದ. ಮೊದಲೆರಡು ಗೆಲುವು 1990 ಮತ್ತು 1991ರಲ್ಲಿ. ಉಳಿದ ಏಳು 1997ರಿಂದ 2003ರವರೆಗೆ ಸತತವಾಗಿ. ನಡುವಿನ ಅಂತರದಲ್ಲಿ ಆತ ಸಾವಿನ ಹತ್ತಿರ ಹೋಗಿ ಬಂದಿದ್ದ. 1994ರಲ್ಲಿ ಬೋರ್ನಿಯೊ ದ್ವೀಪದಲ್ಲಿ ನಡೆದ ರೇಡ್ ಗೋಲ್ವಾಸ್‌ನಲ್ಲಿ ತಂಡದೊಡನೆ ಹೋಗಿದ್ದಾಗ ಆತನಿಗೆ ಲೆಪ್ಟೊಸ್ಪೈರೋಸಿಸ್ ತಗುಲಿತು. ನಮ್ಮ ಕರಾವಳಿ, ಮಲೆನಾಡಿನ ಗದ್ದೆ ಕೆಲಸಗಾರರಿಗೆ ಇದು ಇಲಿಜ್ವರವೆಂದು ಚಿರಪರಿಚಿತ. ಪ್ರಾಣಿಗಳ ಮೂತ್ರ ಬೆರೆತ ನೀರು, ಕೆಸರಿನಿಂದ, ಚರ್ಮದ ಗಾಯಗಳ ಮೂಲಕ ಒಳಸೇರುವ ರೋಗ. 2000ದಲ್ಲಿ ಅದೇ ದ್ವೀಪದ ಸಬಾದಲ್ಲಿ ನಡೆದ ಇಕೋ ಚಾಲೆಂಜ್‌ನಿಂದ ಮರಳಿದ ಹಲವು ಸ್ಪರ್ಧಾಳುಗಳೂ ಇದೇ ಜ್ವರಕ್ಕೆ ತುತ್ತಾದರು.

ಹಾಗೆ ನೋಡಿದರೆ ತಂಡವೂ ಎಲ್ಲ ಅಪಾಯಕ್ಕೆ ಔಷಧವಲ್ಲ. ಚಳಿ ತಗುಲಿದ್ದನ್ನು ಪಕ್ಕದವರು ಗುರುತಿಸಬಲ್ಲರು. ನೀರಿನಲ್ಲಿರುವ ರೋಗಾಣುವನ್ನು ಗುರುತಿಸಲಾರರು. ಚೇತರಿಸಿಕೊಂಡು ಬಂದ ಗರ್ನಿಗೆ ಸತತ ಏಳು ಗೆಲುವು ದಕ್ಕಿದ್ದರ ಹಿಂದೆ ದೇಹಬಲದಷ್ಟೇ ಸಲಕರಣೆಗಳ ಬಗೆಗಿನ ಯೋಚನೆಯೂ ಇತ್ತು. 1997ರಲ್ಲಿ ಗಾಳಿ ತಡೆಯುವ ಕವಚವೊಂದನ್ನು ಸೈಕಲ್ಲಿಗೆ ಜೋಡಿಸಿಕೊಂಡು ಬಂದದ್ದು ದೊಡ್ಡ ವಾದಕ್ಕೆ ಕಾರಣವಾಯಿತು. ಮುಂದೆ ಅದನ್ನು ನಿಷೇಧಿಸಿದರು.

ಆದರೆ ಗೆಲ್ಲುವವನು ಒಬ್ಬ, ಓಡುವವರು ನೂರಾರು. ಇವರಲ್ಲಿ ಬಹುತೇಕರು ವಾರವಿಡೀ ಬೇರೆ ದುಡಿಮೆ ಇರುವ ಸಾಮಾನ್ಯರು. ಅವರು ತಿಂಗಳುಗಟ್ಟಲೆ ಬೆಳಗಿನ ನಿದ್ದೆ ಬಿಟ್ಟು ತಯಾರಾಗುವುದು ಪದಕಕ್ಕಾಗಿ ಅಲ್ಲ, ದಡ ಮುಟ್ಟುವುದಕ್ಕಾಗಿ. ಜಡ್ಕಿನ್ಸ್ ತಾನು ನಡೆಸಿದಷ್ಟು ವರ್ಷವೂ ಮುಕ್ತಾಯದ ಗೆರೆಯಲ್ಲಿ ನಿಂತು ಬಂದವರ ಕೈಕುಲುಕುತ್ತಿದ್ದ, ಮೊದಲು ಬಂದವರಿಗೆ ಹೇಗೋ ಕತ್ತಲಲ್ಲಿ ಬಂದವರಿಗೂ ಹಾಗೆಯೇ.

ಸಾಹಸ ಓಟಗಳಲ್ಲಿ ಎಲ್ಲೆಡೆ ಪಾಲಿಸುವ ನಿಯಮವೊಂದಿದೆ. ದಾರಿಯಲ್ಲಿ ಯಾರಾದರೂ ಗಾಯಗೊಂಡು ಬಿದ್ದಿದ್ದರೆ, ಹಿಂದೆ ಬರುವವನು ತನ್ನ ಓಟ ನಿಲ್ಲಿಸಿ ನೆರವಾಗಬೇಕು, ಅವನು ಮೊದಲ ಸ್ಥಾನದಲ್ಲಿದ್ದರೂ ಸರಿ. ಡಿಸೆಪ್ಷನ್ ಕಣಿವೆಯ ಬಂಡೆಗಳ ನಡುವೆ ಒಬ್ಬನೇ ಏರುತ್ತಿರುವವನಿಗೆ ಹಿಂದಿನಿಂದ ಕೇಳಿಬರುವ ಹೆಜ್ಜೆ ಸದ್ದು ಪ್ರತಿಸ್ಪರ್ಧಿಯದು. ಕಾಲು ಜಾರಿದರೆ ಮೊದಲು ಕೈ ನೀಡುವವನೂ ಅವನೇ.